ನಾನು ಕೂತು ನೋಡದ ಬಾಗಿಲು

ನಾನು ನಿಂತಿದ್ದದ್ದು ಬಟ್ಟೆ ಕತ್ತರಿಸುವ ಮೇಜಿನ ಹಿಂದೆ, ಬಾಗಿಲಿಗೆ ಮುಖ ಮಾಡಿ. ಬಾಗಿಲಿಗೂ ನನಗೂ ನಡುವೆ ನಾಲ್ಕು ಮೀಟರಿಗೆ ಒಂದು ಗೇಣು ಕಡಿಮೆ. ಇದನ್ನು ಆಮೇಲೆ ಅಂಗಡಿಯ ಮೀಟರ್ ಕಡ್ಡಿಯಿಂದಲೇ ಅಳೆದು ನೋಡಿದ್ದೇನೆ. ಶ್ರಾವಣದ ಎರಡನೆಯ ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ. ಗಲ್ಲಾದ ಮೇಲಿನ ಗೋಡೆ ಗಡಿಯಾರದಲ್ಲಿ ಒಂಬತ್ತೂ ಮೂವತ್ತೈದು ಆಗಿತ್ತು. ಆ ಗಡಿಯಾರ ಐದು ನಿಮಿಷ ಮುಂದೆ ಇರುತ್ತದೆ, ಹಾಗಾಗಿ ಒಂಬತ್ತೂವರೆ ಎನ್ನಬೇಕು. ನನ್ನ ಎಡಗೈಯಲ್ಲಿ ಲೈನಿಂಗ್ ಬಟ್ಟೆಯ ತುದಿ ಇತ್ತು, ಬಲಗೈಯಲ್ಲಿ ಕತ್ತರಿ. ನನಗೂ ಬಾಗಿಲಿಗೂ ನಡುವೆ ಯಾರೂ ಅಡ್ಡ ಇರಲಿಲ್ಲ. ನನಗೆ ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ.

ರಾಯದುರ್ಗದ ಆ ಸೀರೆ ಅಂಗಡಿಯಲ್ಲಿ ನಾನು ಇಪ್ಪತ್ತನಾಲ್ಕು ವರ್ಷದಿಂದ ಕೆಲಸಕ್ಕಿದ್ದೇನೆ. ಊರು ಮಡಕಶಿರದ ಕಡೆ, ಅಮರಾಪುರದಿಂದ ಇನ್ನೂ ಒಳಗೆ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರು ಈಗ ಯಾರೂ ಇಲ್ಲ. ಅಂಗಡಿಯ ಹಿಂದಿನ ಸಂದಿಯಲ್ಲಿ, ಮಹಡಿಯ ಮೇಲೆ ಒಂದು ಕೋಣೆ ನನ್ನದು. ಇಲ್ಲಿಯವರ ಮಾತು ಬಳ್ಳಾರಿ ಕಡೆಯ ಮಾತು. ಗಿರಾಕಿಗಳಿಗೆ ನಾನೂ ‘ಬರ್ರಿ, ಕುಂದರ್ರಿ’ ಅನ್ನುತ್ತೇನೆ, ತೆಲುಗಿನವರು ಬಂದರೆ ತೆಲುಗು ಆಡುತ್ತೇನೆ. ನಮ್ಮ ಮನೆಯಲ್ಲಿ ಆಡುತ್ತಿದ್ದ ಮಾತನ್ನು ದಿನಕ್ಕೆ ಅರ್ಧ ಗಂಟೆ ಮಾತ್ರ, ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆಯವರೆಗೆ, ಒಬ್ಬಳ ಜೊತೆ ಆಡುತ್ತಿದ್ದೆ.

ಅವಳು ಅಂಗಡಿ ಗುಡಿಸಿ ಒರೆಸಲು ಬರುತ್ತಿದ್ದ ಅಕ್ಕ. ನಮ್ಮ ಮಡಕಶಿರದ ಕಡೆಯ ರೊಳ್ಳದವಳು. ಗಂಡ ಇಲ್ಲಿಯ ಜೀನ್ಸ್ ಹೊಲಿಯುವ ಕಾರ್ಖಾನೆಗೆ ಬಂದವನು, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ. ಮಗಳನ್ನು ರೊಳ್ಳಕ್ಕೇ ಕೊಟ್ಟು, ಅಕ್ಕ ಮಾತ್ರ ಇಲ್ಲೇ ಉಳಿದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು.

“ಉಂಡ್ಯಾ ತಮ್ಮಾ?” ಎಂದು ಪೊರಕೆ ಹಿಡಿದುಕೊಂಡೇ ಕೇಳುತ್ತಿದ್ದಳು.

“ಉಂಡೆ ಅಕ್ಕಾ.”

“ಏನುಂಡೆ?”

“ಅನ್ನ, ಸಾರು.”

“ಮುದ್ದೆ ತಿನ್ನೋ ಬಾಯಿಗೆ ದಿನಾ ಅನ್ನ ಹಾಕ್ಕೊಂಡ್ರೆ ಎಂಗೋ ಆದಾತು? ನೋಡ್ಕೋ ಒಸಿ, ಕತ್ತು ಕೊಕ್ಕರೆ ಕತ್ತಾಗೈತೆ.”

ಇಷ್ಟೇ ಮಾತು. ಹೆಚ್ಚುಕಡಿಮೆ ದಿನವೂ ಇದೇ. ಆದರೆ ಆ ದಿನ ನಾನು ಏನು ಉಂಡೆ ಎಂದು ಲೋಕದಲ್ಲಿ ಇನ್ನೊಬ್ಬರಿಗೆ ಗೊತ್ತಿರುತ್ತಿತ್ತು.

ನೆಲ ಒರೆಸಿದ ಮೇಲೆ ಅವಳ ಕೊನೆಯ ಕೆಲಸ ಹೊಸ್ತಿಲು. ಅಂಗಡಿಗೆ ತೇಗದ ಹೊಸ್ತಿಲಿತ್ತು, ಅರಿಶಿನ ತಿಕ್ಕಿ ತಿಕ್ಕಿ ನಡುವೆ ತೆಗ್ಗಾಗಿತ್ತು. ಅಕ್ಕ ಮೇಲಿನ ಮೆಟ್ಟಿಲ ಮೇಲೆ ಒಳಮುಖವಾಗಿ ಕುಕ್ಕರಗಾಲಲ್ಲಿ ಕೂತು ಹೊಸ್ತಿಲಿಗೆ ನೀರು ಹಾಕಿ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ರಂಗೋಲಿಯ ಎರಡು ಎಳೆ ಎಳೆದು, ಹೂವಿಟ್ಟು, ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅದು ಮುಗಿಯುವ ತನಕ ಯಾರೇ ಬರಲಿ, ಮೆಟ್ಟಿಲ ಕೆಳಗೆ ನಿಲ್ಲಬೇಕು. ಅಂಗಡಿಯ ಯಜಮಾನರು, ನಮ್ಮ ಸಾವ್ಕಾರ್ರೂ ನಿಲ್ಲುತ್ತಿದ್ದರು.

ಮೆಟ್ಟಿಲ ಪಕ್ಕ ಹೂವು ಮಾರುವ ಹೆಂಗಸೊಬ್ಬಳು ಕೂರುತ್ತಾಳೆ, ಇವತ್ತಿಗೂ. ಅಕ್ಕನ ಗಂಡ ಸತ್ತ ವರ್ಷ ಅವಳು ಸಾವ್ಕಾರ್ರನ್ನು ಕೇಳಿದ್ದಳು: “ಗಂಡ ಸತ್ತಾಕಿ ಕೈಲೆ ಹೊಸ್ತಲ ಪೂಜಾ ಮಾಡಸ್ತೀರಲ್ರೀ, ಲಕ್ಷ್ಮಿ ಒಳಗ ಬರ್ತಾಳೇನ್ರೀ?”

ಸಾವ್ಕಾರ್ರು ಚಪ್ಪಲಿ ಬಿಡುತ್ತ, “ನಮ್ಮ ಮಂದ್ಯಾಗ ಅದೆಲ್ಲ ಇಲ್ಲಬೇ. ಆಕಿ ಕೈಗುಣದಿಂದನ ಅಂಗಡಿ ನಡದೈತಿ. ನೀ ಹೂವ ಕೊಡು, ಮಾತು ನಾ ಕೇಳಿಲ್ಲ” ಎಂದಿದ್ದರು. ಅಕ್ಕ ತಲೆ ಎತ್ತಲಿಲ್ಲ. ಆ ದಿನ ಮಾತ್ರ ಹೊಸ್ತಿಲಿಗೆ ಎರಡು ಸಲ ಅರಿಶಿನ ಹಚ್ಚಿದಳು.

ಬಾಗಿಲಿನ ಮಾತು ಶುರುವಾದದ್ದು ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ. ಅಂಗಡಿಗೆ ಎ.ಸಿ. ಹಾಕಿಸಿದರು. ಮರದ ಬಾಗಿಲು ತೆರೆದೇ ಇರುತ್ತಿದ್ದುದರಿಂದ ತಣ್ಣನೆಯ ಗಾಳಿ ಹೂವಿನವಳ ಬೆನ್ನಿಗೆ ಹೋಗುತ್ತಿತ್ತು. “ನನಗ ಬ್ಯಾಡ ಅನ್ನಬ್ಯಾಡ್ರಿ, ಇರ್ಲಿ ಬಿಡ್ರಿ, ಹೂವ ಬಾಡಂಗಿಲ್ಲ” ಎಂದು ಅವಳು ನಗುತ್ತಿದ್ದಳು. ಸಾವ್ಕಾರ್ರು ತಾನಾಗಿ ತೆರೆದು ತಾನಾಗಿ ಮುಚ್ಚುವ ಗಾಜಿನ ಬಾಗಿಲು ಹಾಕಿಸುವುದೆಂದು ತೀರ್ಮಾನಿಸಿದರು. ಯಾವ ಥರದ್ದು ಎಂಬುದನ್ನು ನನಗೆ ಬಿಟ್ಟರು. ಅಂಗಡಿಯಲ್ಲಿ ನನ್ನನ್ನು ಊರ ಹೆಸರಿಂದಲೇ ಕರೆಯುತ್ತಾರೆ.

“ಮಡಕಶಿರಾ, ನೀ ಒಂದು ಚೊಂಬು ತಗೊಳ್ಳಾಕ ನಾಕು ಅಂಗಡಿ ತಿರಗಾವ. ಬಾಗ್ಲ ನೀನ ನೋಡು. ನಾ ನೋಡಿದ್ರ ಮೊದಲ್ನೇದಕ್ಕ ಹೂಂ ಅಂದುಬಿಡ್ತೀನಿ.”

ನಾನು ಎರಡು ದಿನ ಮೇಜಿನ ಹಿಂದೆ ನಿಂತು, ಜನ ಒಳಗೆ ಹೇಗೆ ಬರುತ್ತಾರೆ ಎಂದು ನೋಡಿದೆ. ಅಲ್ಲಿಯವರೆಗೆ ಅದನ್ನು ಗಮನಿಸಿಯೇ ಇರಲಿಲ್ಲ. ಹೆಂಗಸರು ಒಬ್ಬೊಬ್ಬರೇ ಬರುವುದಿಲ್ಲ. ಮದುವೆ ಜವಳಿಯೆಂದರೆ ಏಳೆಂಟು ಜನ ಒಬ್ಬರ ಸೆರಗು ಒಬ್ಬರು ಹಿಡಿದ ಹಾಗೆ ಬರುತ್ತಾರೆ. ಗುಮ್ಮಘಟ್ಟದ ಕಡೆಯ ಕುರಿ ಕಾಯುವವರು ಹೆಗಲ ಮೇಲೆ ಕಂಬಳಿ ಹಾಕಿ, ಕೋಲನ್ನು ಅಡ್ಡ ಹಿಡಿದು ಬರುತ್ತಾರೆ. ಎಲ್ಲರೂ ಚಪ್ಪಲಿ ಬಿಡುವುದು ಮೇಲಿನ ಮೆಟ್ಟಿಲಲ್ಲಿ, ಬಾಗಿಲಿಗೆ ಅಂಟಿಕೊಂಡ ಹಾಗೆ, ಯಾಕೆಂದರೆ ಒಳಗೆ ಬಿಳಿ ಗಾದಿ ಹಾಸಿರುತ್ತದೆ. ವಯಸ್ಸಾದವರು ಬಗ್ಗಿ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ಇದನ್ನೂ ನೋಡಿದೆ. ಹೊಳೆಯಲಿಲ್ಲ.

ಆಮೇಲೆ ಬಳ್ಳಾರಿಗೆ ಹೋಗಿ ಮೂರು ಥರದ ಬಾಗಿಲು ನೋಡಿ ಬಂದೆ. ಒಂದು ಹೋಟೆಲಿನಲ್ಲಿ ಸುತ್ತುವ ಬಾಗಿಲಿತ್ತು. ಅದರ ಒಂದೊಂದು ಮನೆಯೊಳಗೆ ಒಬ್ಬಿಬ್ಬರೇ ಹಿಡಿಯುತ್ತಾರೆ. ನಮ್ಮ ಮದುವೆ ಗುಂಪು ಅದರೊಳಗೆ ಹೋದರೆ ಅತ್ತೆ ಒಳಗೆ, ಸೊಸೆ ಹೊರಗೆ ಆಗುತ್ತಾರೆ. ಬೇಡವೆಂದೆ. ಒಂದು ಆಸ್ಪತ್ರೆಯಲ್ಲಿ ರೆಕ್ಕೆಯ ಹಾಗೆ ಹೊರಕ್ಕೆ ತೆರೆಯುವ ಬಾಗಿಲಿತ್ತು. ನಮ್ಮಲ್ಲಿ ಅದು ಮೆಟ್ಟಿಲ ಮೇಲೆ ಬಗ್ಗಿ ಚಪ್ಪಲಿ ಬಿಡುವವರ ತಲೆಗೆ ಬಡಿಯುತ್ತದೆ. ಅದೂ ಬೇಡ. ಬಂಗಾರದ ಅಂಗಡಿಯೊಂದರಲ್ಲಿ ಎರಡು ಗಾಜು ನಡುವಿನಿಂದ ಎಡಕ್ಕೂ ಬಲಕ್ಕೂ ಸರಿಯುವ ಬಾಗಿಲು ನೋಡಿದೆ. ಯಾರ ಕಡೆಗೂ ಬರುವುದಿಲ್ಲ, ಯಾರನ್ನೂ ಅಗಲಿಸುವುದಿಲ್ಲ. ಅದರ ಮುಂದೆ ಒಂದು ಗಂಟೆ ನಿಂತಿದ್ದೆ. ಕಾವಲಿನವನು ಎರಡು ಸಲ ಬಂದು ‘ಯಾರು ಬೇಕಾಗಿತ್ರೀ’ ಎಂದು ಕೇಳಿದ. ಯಾರೂ ಬೇಕಾಗಿಲ್ಲ ಎಂದೆ.

ಹಾಕಲು ಬಂದ ಮೆಕ್ಯಾನಿಕ್ಕು ಬಳ್ಳಾರಿಯವನು, ತಾಳ್ಮೆಯ ಮನುಷ್ಯ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ. ಕರೆಂಟು ಹೋದರೆ? ಬ್ಯಾಟರಿ ಇದೆ, ಅದೂ ಹೋದರೆ ಕೈಯಿಂದ ಸರಿಸಬಹುದು. ಗಾಜು ಕಾಣದೆ ಯಾರಾದರೂ ಹಾಯ್ದರೆ? ಎದೆಮಟ್ಟಕ್ಕೆ ಬಿಳಿ ಪಟ್ಟಿ ಅಂಟಿಸೋಣ. ಬಾಗಿಲಿಗೆ ಎರಡು ಥರದ ಕಣ್ಣು ಇವೆ ಎಂದೂ ವಿವರಿಸಿದ. ಮೇಲಿನ ಕಣ್ಣು ನಡೆದಾಟ ನೋಡುತ್ತದೆ, ಯಾರಾದರೂ ಬಂದರೆ ತೆರೆಯುತ್ತದೆ; ಸುಮ್ಮನೆ ಇರುವವರು ಅದಕ್ಕೆ ಕಾಣುವುದಿಲ್ಲ. ಪಕ್ಕದ ಕಣ್ಣು ಜೋಡಿ. ಈ ಕಂಬದಿಂದ ಆ ಕಂಬಕ್ಕೆ ಕಾಣದ ಕಿರಣವೊಂದು ಹಾಯುತ್ತದೆ. ಅದಕ್ಕೆ ಏನು ಅಡ್ಡ ಬಂದರೂ ಬಾಗಿಲು ಮುಚ್ಚದೆ ಕಾಯುತ್ತದೆ.

“ಪಕ್ಕದ್ದು ಒಂದು ಜೋಡಿ ಹಾಕ್ಲೇನ್ರಿ, ಎರಡು ಹಾಕ್ಲೇನ್ರಿ? ಕೆಳಗೊಂದು ಮ್ಯಾಲೊಂದು ಹಾಕಿದ್ರ ಚಲೋ.”

“ಒಂದು ಸಾಕ್ರೀ” ಎಂದೆ ನಾನು. ಸಾವ್ಕಾರ್ರು ಅಲ್ಲಿರಲಿಲ್ಲ. ಹೇಳಿದವನು ನಾನು.

ಆ ಜೋಡಿಯನ್ನು ಅವನು ಮೊಣಕಾಲಿಗಿಂತ ಕೆಳಗೆ, ಒಂದು ಗೇಣಿನ ಎತ್ತರದಲ್ಲಿ ಕೂರಿಸಿದ. ನೆಲ ಸಮ ಇರಬೇಕೆಂದು ತೇಗದ ಹೊಸ್ತಿಲನ್ನು ಕಿತ್ತರು. ಅಕ್ಕ ಬಕೆಟ್ಟು ಹಿಡಿದುಕೊಂಡು ನೋಡುತ್ತ ನಿಂತಿದ್ದಳು. “ಇನ್ನ ಅರಿಶಿನ ಎಲ್ಲಿಗೋ ಹಚ್ಚಲಿ, ಗಾಜಿಗಾ?” ಅಂದಳು. ಸಾವ್ಕಾರ್ರು ಹೊಸ್ತಿಲಿದ್ದ ಜಾಗಕ್ಕೆ ಕರಿಕಲ್ಲಿನ ಒಂದು ಪಟ್ಟಿಯನ್ನು ನೆಲಕ್ಕೆ ಸಮನಾಗಿ ಹಾಕಿಸಿದರು. ಕರಿಕಲ್ಲಿನ ಮೇಲೆ ಅರಿಶಿನ ಚೆನ್ನಾಗಿ ಕಾಣುತ್ತಿತ್ತು.

ಬಾಗಿಲನ್ನು ನಾನೇ ಪರೀಕ್ಷಿಸಿದೆ. ನಡೆದು ಬಂದು ನೋಡಿದೆ. ನಡುವೆ ನಿಂತು ನೋಡಿದೆ. ಎರಡೂ ಕೈಯಲ್ಲಿ ಸೀರೆಯ ಗಂಟು ಹಿಡಿದು, ಕೋಲು ಅಡ್ಡ ಹಿಡಿದು, ಹಿಂದಕ್ಕೆ ನಡೆದು ನೋಡಿದೆ. ಹದಿನೇಳು ಸಲ. ಕೂತು ಮಾತ್ರ ನೋಡಲಿಲ್ಲ.

ಮೂರು ವಾರ ಆ ಬಾಗಿಲು ಊರಿಗೆ ಆಟವಾಯಿತು. ಗುಮ್ಮಘಟ್ಟದ ಕಡೆಯ ಅಜ್ಜನೊಬ್ಬ, ಬಾಗಿಲು ತಾನಾಗಿ ಸರಿದಾಗ ಒಳಗೆ ಯಾರೋ ಎಳೆದರೆಂದು ತಿಳಿದು, “ನೀವ್ಯಾಕ ಏಳಾಕ ಹೋದ್ರಿ, ಕುಂದರ್ರಿ” ಎಂದು ಗಾಜಿಗೆ ಕೈ ಮುಗಿದ. ಅಕ್ಕನಿಗೆ ಮೊದಲ ಎರಡು ದಿನ ಭಯ. ಮೂರನೆಯ ದಿನ ಕಲ್ಲಿನ ಪಟ್ಟಿಯ ಮುಂದೆ ಕೂತು ನಿಧಾನವಾಗಿ ಅರಿಶಿನ ಹಚ್ಚಿದಳು. ಎರಡು ಗಾಜೂ ಪಕ್ಕಕ್ಕೆ ಸರಿದು ನಿಂತೇ ಇದ್ದವು. ಅವಳು ಎದ್ದು ಬಂದ ಮೇಲೆ ಮುಚ್ಚಿಕೊಂಡವು.

“ನೋಡ್ದಾ ತಮ್ಮಾ,” ಎಂದು ಕೈ ಒರೆಸಿಕೊಳ್ಳುತ್ತ ಅಂದಳು. “ಈ ಊರಲ್ಲಿ ಇಷ್ಟು ವರ್ಷಕ್ಕೆ ನಂಗೆ ಮರ್ವಾದೆ ಕೊಟ್ಟೋನು ಇವ್ನೊಬ್ಬನೇಯ. ನಾನು ಏಳಾಗಂಟ ಕಾಯ್ತಾನೆ.”

“ನಾನು ಕೊಡಲ್ವಾ?”

“ನೀನು ಕೊಡ್ತೀಯ. ಕೊಕ್ಕರೆ ಮರ್ವಾದೆ, ನಿಂತ್ಕಂಡು ನೋಡ್ತೀಯ ಅಷ್ಟೇಯ.”

ಆ ಮೇಲೆ ದಿನವೂ ಬಾಗಿಲಿಗೊಂದು ಮಾತು ಇರುತ್ತಿತ್ತು. ‘ಇರಪ್ಪಾ, ಆತು’ ಎಂದು ಅದಕ್ಕೆ ಹೇಳುತ್ತ ರಂಗೋಲಿ ಎಳೆಯುತ್ತಿದ್ದಳು.

ಹಬ್ಬದ ಹಿಂದಿನ ದಿನ ಗುರುವಾರ. ಬೆಳಿಗ್ಗೆಯಿಂದ ಸೀರೆಗೆ ನೂಕುನುಗ್ಗಲು. ಚಪ್ಪಲಿ ಮೇಲಿನ ಮೆಟ್ಟಿಲಲ್ಲಿ ರಾಶಿಯಾಗಿ, ಒಂದರ ಮೇಲೊಂದು ಜಾರಿ, ಕಲ್ಲಿನ ಪಟ್ಟಿಯ ಹೊರ ಅಂಚಿಗೂ ಬಂದು ಬಿದ್ದಿತ್ತು. ಕೆಳಗಿನ ಕಣ್ಣಿಗೆ ಚಪ್ಪಲಿಯೇ ಅಡ್ಡವಾಗಿ ಬಾಗಿಲು ದಿನವಿಡೀ ತೆರೆದೇ ಉಳಿಯಿತು. ಎ.ಸಿ. ಇದ್ದೂ ಎಲ್ಲರೂ ಬೆವರಿದರು. ಸಾವ್ಕಾರ್ರು ಬೀಸಣಿಗೆ ತರಿಸಿಕೊಂಡು, “ಚಪ್ಪಲಿಗೂ ಬಾಗ್ಲ ತೆಗ್ಯಾ ಬಾಗ್ಲ ತಂದೀಯಲ್ಲಪಾ ಮಡಕಶಿರಾ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಚುಚ್ಚಿತು. ಅಷ್ಟು ನೋಡಿ ಆರಿಸಿದ್ದ ಬಾಗಿಲು ಅದು.

ಮೆಕ್ಯಾನಿಕ್ಕು ಅವತ್ತು ಬೇರೆ ಕೆಲಸಕ್ಕೆ ಊರಿಗೆ ಬಂದಿದ್ದ. ಸಂಜೆ ಅವನನ್ನು ಕರೆಸಿ, ಪಕ್ಕದ ಕಣ್ಣನ್ನು ಸೊಂಟದ ಎತ್ತರಕ್ಕೆ ಏರಿಸಲು ಹೇಳಿದೆ. ಚಪ್ಪಲಿ ಎಷ್ಟು ರಾಶಿ ಬಿದ್ದರೂ ಸೊಂಟ ಮುಟ್ಟುವುದಿಲ್ಲ. ಅವನು, “ಕೆಳಗಿಂದು ಇರ್ಲಿ, ಮ್ಯಾಲ ಇನ್ನೊಂದು ಹಾಕ್ತೀನ್ರಿ” ಎಂದ. “ಕೆಳಗಿಂದು ಇದ್ರ ಚಪ್ಪಲಿ ಅಡ್ಡ ಆಗತೈತಲ್ರೀ, ಅದನ್ನ ತೆಗೀರಿ” ಎಂದೆ. ಅರ್ಧ ಗಂಟೆಯ ಕೆಲಸ. ಹಳೆಯ ತೂತಿಗೆ ಬಿಳಿ ಪುಟ್ಟಿ ಮೆತ್ತಿದ. ಬಾಗಿಲು ಚಪ್ಪಲಿಗಳ ಪಕ್ಕದಲ್ಲೇ ಸರಾಗವಾಗಿ ಮುಚ್ಚಿತು. ಈ ಸಲವೂ ಕೂತು ನೋಡಲಿಲ್ಲ. ಸಾವ್ಕಾರ್ರಿಗೆ ಕಣ್ಣಿನ ವಿಷಯ ಹೇಳಲಿಲ್ಲ. ‘ಸರಿ ಮಾಡ್ಸಿನ್ರಿ’ ಎಂದಷ್ಟೇ ಹೇಳಿದೆ. ಅಕ್ಕ ಬೆಳಿಗ್ಗೆಯೇ ಕೆಲಸ ಮುಗಿಸಿ ಹೋಗಿದ್ದಳು.

ಶುಕ್ರವಾರ ಬೆಳಿಗ್ಗೆ ಅಕ್ಕ ತಲೆಗೆ ಎಣ್ಣೆ ಹಚ್ಚಿ, ಹೊಗೆ ಬಣ್ಣದ ಸೀರೆ ಉಟ್ಟು ಬಂದಳು. ಹಬ್ಬವಾದ್ದರಿಂದ ಹೊಸ್ತಿಲ ಕೆಲಸ ಜಾಸ್ತಿ. ಹೂವಿನವಳಿಂದ ಸೇವಂತಿಗೆ ತೆಗೆದುಕೊಂಡು, ಮೆಟ್ಟಿಲು ಹತ್ತಿದಳು. ಬಾಗಿಲು ತೆರೆಯಿತು. “ಬಂದೆ ಕಣಪ್ಪಾ” ಎಂದು ಅದಕ್ಕೆ ಹೇಳಿ ಕೂತಳು. ಕೆಳಗಿನ ಮೆಟ್ಟಿಲ ಒಂದು ಬದಿಗೆ ಗುಮ್ಮಘಟ್ಟದ ಅಜ್ಜಿಯೊಬ್ಬಳು ಸೀರೆಗೆಂದು ಬಂದು ಕಾಯುತ್ತ ನಿಂತಿದ್ದಳು. ನಾನು ಮೇಜಿನ ಹಿಂದೆ ಇದ್ದೆ. ಅವಳ ಮುಖ ನನ್ನ ಕಡೆ ಇತ್ತು, ಬಗ್ಗಿತ್ತು. ಬಲಗೈಯ ಮೂರು ಬೆರಳಲ್ಲಿ ಅರಿಶಿನ. ನಿಧಾನವಾಗಿ, ಒಂದೇ ಕಡೆ ತಿಕ್ಕುತ್ತಿದ್ದಳು.

ಎರಡೂ ಗಾಜು ಅಲ್ಲಾಡಿದ್ದು ಕಂಡಿತು. ಅವು ಜೋರಾಗಿ ಬರಲಿಲ್ಲ. ನಾನು ಅದನ್ನು ಸಾವಿರ ಸಲ ನೆನೆದಿದ್ದೇನೆ, ಜೋರಾಗಿ ಬರಲಿಲ್ಲ. ಎಂದಿನ ಹಾಗೆ ಬಂದು ಅವಳ ಎರಡೂ ಭುಜಗಳನ್ನು ಒಮ್ಮೆಗೇ ಮುಟ್ಟಿ, ಏನೋ ಸಿಕ್ಕಿತೆಂದು ತಿಳಿದು, ತಕ್ಷಣ ಹಿಂದಕ್ಕೆ ಸರಿದವು. ಯಾರೋ ಭುಜ ಹಿಡಿದು ಬಿಟ್ಟ ಹಾಗೆ. ಗಟ್ಟಿ ನಿಂತವರಿಗೆ ಅದು ಏನೂ ಅಲ್ಲ. ಕುಕ್ಕರಗಾಲಲ್ಲಿ ಕೂತವಳು ಬೆಚ್ಚಿ ಏಳಲು ಹೋದಳು, ಹಿಮ್ಮಡಿ ಮೆಟ್ಟಿಲ ಅಂಚಿಗೆ ಸಿಕ್ಕಿತು, ಹಿಂದಕ್ಕೆ ಬಿದ್ದಳು. ಮೂರು ಮೆಟ್ಟಿಲು. ಬಲಗೈ ಊರಿದಳು. ಅರಿಶಿನದ ಬಟ್ಟಲು ಉರುಳಿ ಕೊನೆಯ ಮೆಟ್ಟಿಲವರೆಗೂ ಹಳದಿಯಾಯಿತು.

ನಾನು ಕೂಗಲಿಲ್ಲ. ಗಾಜು ಸರಿಯಲು ಶುರುವಾದದ್ದಕ್ಕೂ ಅವಳನ್ನು ಮುಟ್ಟಿದ್ದಕ್ಕೂ ನಡುವೆ ‘ಅಕ್ಕಾ’ ಎನ್ನುವಷ್ಟು ಹೊತ್ತು ಇತ್ತು. ಕತ್ತರಿ ಕೈಯಲ್ಲೇ ಇತ್ತು.

ಹೂವಿನವಳು ಮೊದಲು ಹತ್ತಿರ ಹೋದಳು, ಬಾಯಿ ಕೂಡ ಅವಳದೇ ಮೊದಲು. “ಅಯ್ಯವ್ವಾ! ವರಲಕ್ಷ್ಮಿ ದಿನಾನ ನೋಡ್ರಿ, ಹೊಸ್ತಲ ಮ್ಯಾಲಿಂದ ದೂಡಿದ್ಲು!” ಗಲ್ಲಾದಿಂದ ಎದ್ದು ಬಂದ ಸಾವ್ಕಾರ್ರು ಅವಳನ್ನು ಗದರಿಸಿ, ಅಕ್ಕನನ್ನು ತಮ್ಮ ಕಾರಿನಲ್ಲೇ ಕೂರಿಸಿದರು. ಹೊರಡುವ ಮುಂಚೆ ನನ್ನನ್ನು ಕೇಳಿದರು, “ಬಾಗ್ಲ ಏನರ ಕೆಟ್ಟೈತೇನಪಾ?”

“ಇಲ್ರೀ ಸಾವ್ಕಾರ್ರ. ಬಾಗ್ಲ ಸರಿ ಐತ್ರಿ.”

ಆ ಮಾತು ಸುಳ್ಳಲ್ಲ. ನಾನು ಹೇಳಿದ ಹಾಗೇ ನಡೆದಿತ್ತು ಬಾಗಿಲು.

“ಹಂಗಾದ್ರ ಮುದುಕಿ ಕಣ್ಣು ಮಂಜಾಗಿರ್ಬೇಕು” ಎಂದು ಅವರು ಕಾರು ಹತ್ತಿದರು.

ಮಣಿಕಟ್ಟು ಎರಡು ಕಡೆ ಮುರಿದಿತ್ತು. ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದಾಗ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ಬೆರಳ ತುದಿಯಲ್ಲಿ ಇನ್ನೂ ಅರಿಶಿನವಿತ್ತು. ಊಟ ಮಾಡಿದೆಯಾ ಎಂದು ಅವಳು ಕೇಳಲಿಲ್ಲ.

“ತಮ್ಮಾ, ನಿನ್ನೆಗಂಟ ಕಾದಿತ್ತಲ್ಲೋ ಅದು. ಮೂರು ವಾರ ಕಾದಿತ್ತು. ಇವತ್ಯಾಕೆ ನೂಕ್ತು?”

ನಾನು ಕಬ್ಬಿಣದ ಮಂಚದ ಕಾಲ ಕಡೆ ನಿಂತಿದ್ದೆ. “ಗೊತ್ತಿಲ್ಲಕ್ಕಾ” ಎಂದೆ.

ಇದು ಸುಳ್ಳು.

“ನಂಗೊತ್ತು ಬಿಡು,” ಎಂದಳು ಆಮೇಲೆ, ಗೋಡೆಯ ಕಡೆ ತಿರುಗಿ. “ಗಂಡ ಸತ್ತೋಳು. ವರಲಕ್ಷ್ಮಿ ದಿನ ಹೊಸ್ಲಿಗೆ ಕೈ ಹಾಕ್ದೆ. ಆ ಹೂವಿನೋಳು ಅವತ್ತು ಅಂದಿದ್ದೇ ದಿಟ ಆತು.”

ಆಗಲೂ ಹೇಳಬಹುದಿತ್ತು. ಒಂದು ವಾಕ್ಯದ ವಿಷಯ. ಕಣ್ಣನ್ನು ನಾನು ಮೇಲಕ್ಕೆ ಏರಿಸಿದೆ ಅಕ್ಕಾ, ನೀನು ಅದಕ್ಕೆ ಕಾಣಲಿಲ್ಲ. ಹೇಳಿದರೆ ಬೆಳಿಗ್ಗೆಯ ಆ ಅರ್ಧ ಗಂಟೆ ಹೋಗುತ್ತದೆ ಎಂದು ಹೆದರಿದೆ. ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲ, ಸಾವ್ಕಾರ್ರು ಅಂಥವರಲ್ಲ. ನನ್ನನ್ನು ‘ತಮ್ಮಾ’ ಎಂದು ಕರೆಯುವವರು ಇನ್ನೊಬ್ಬರು ಇರಲಿಲ್ಲ. ಮರುದಿನ ಮಗಳು ಬಂದು ಅವಳನ್ನು ರೊಳ್ಳಕ್ಕೆ ಕರೆದುಕೊಂಡು ಹೋದಳು. ಹೇಳದೆ ಉಳಿಸಿಕೊಳ್ಳಲು ಹೋದ ಅರ್ಧ ಗಂಟೆ ಹೇಗೂ ಹೋಯಿತು.

ಅಂಗಡಿಯಲ್ಲಿ ಆ ಕತೆ ಎರಡು ರೂಪದಲ್ಲಿ ಓಡಾಡಿತು. ಒಳಗೆ, ಕಣ್ಣು ಕಾಣದ ಮುದುಕಿ ಬಾಗಿಲಲ್ಲಿ ಕೂತಳು ಎಂದು. ಮೆಟ್ಟಿಲ ಕೆಳಗೆ, ಲಕ್ಷ್ಮಿ ದೂಡಿದಳು ಎಂದು. ಎರಡೂ ನನ್ನ ಕಿವಿಗೆ ಬೀಳುತ್ತಿದ್ದವು. ನಾನು ಬಟ್ಟೆ ಅಳೆಯುತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಯಾರೋ ಬೇರೆ ಹೆಂಗಸು ಬಂದು ಗುಡಿಸಿ ಹೋಗುತ್ತಿದ್ದಳು. ಅವಳದು ಆತುರದ ಕೆಲಸ, ಮಾತಿಲ್ಲ. ಸಂಜೆ ಕೋಣೆಗೆ ಹೋದ ಮೇಲೆ, ಇವತ್ತು ಇಡೀ ದಿನ ಸೀರೆಯ ಬಗ್ಗೆ ಬಿಟ್ಟು ಬೇರೆ ಒಂದೂ ಮಾತಾಡಿಲ್ಲ ಎಂದು ತಿಳಿಯುತ್ತಿತ್ತು. ಇಪ್ಪತ್ತಾರು ದಿನ ಹೀಗೆ ಹೋಯಿತು.

ಇಪ್ಪತ್ತಾರನೆಯ ದಿನ ನನ್ನ ವಾರದ ರಜೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಪಾವಗಡದ ಮೇಲೆ ಮಡಕಶಿರಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ರೊಳ್ಳಕ್ಕೆ ಹೋದೆ. ಮಡಕಶಿರದ ಬಸ್‌ಸ್ಟ್ಯಾಂಡಿನಲ್ಲಿ ಸುತ್ತಲೂ ನನ್ನ ಮಾತೇ. ಯಾರೂ ನನ್ನ ಜೊತೆ ಆಡುತ್ತಿರಲಿಲ್ಲ, ಅಷ್ಟೇ.

ಮಗಳು ಜಗಲಿಯಲ್ಲಿ ಕೂತು ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. “ಬಾ ಮಾವ” ಎಂದು ಎದ್ದಳು. ನೀರು ಕೊಟ್ಟು, ದನಿ ತಗ್ಗಿಸಿದಳು.

“ನಮ್ಮವ್ವ ಮುಂಬಾಗ್ಲಲ್ಲಿ ಕಾಲಿಕ್ಕಲ್ಲ ಮಾವ. ಹಿತ್ಲಾಗಿಂದ ಬತ್ತಾಳೆ, ಹಿತ್ಲಾಗಿಂದ ಹೋಯ್ತಾಳೆ. ಎಡಗೈಲಾದ್ರೂ ಹೊಸ್ಲಿಗೆ ಒಸಿ ನೀರು ಹಾಕವ್ವ ಅಂದ್ರೆ, ನನ್ ಕೈ ಬ್ಯಾಡ ಕಣೆ, ನಿನ್ ಮನೆಗೆ ಕೇಡು ಅಂತಾಳೆ. ಅಲ್ಲಿ ಏನಾತು ಅಂತ ಬಾಯೇ ಬಿಡಲ್ಲ.”

ಅಕ್ಕ ಹಿತ್ತಲ ಬಾಗಿಲ ಹತ್ತಿರ ಗೋಣಿಚೀಲದ ಮೇಲೆ ಕೂತಿದ್ದಳು. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ, “ಬಂದ್ಯಾ ಕೊಕ್ಕರೆ” ಎಂದಳು. ಅವಳ ಮುಂದೆ ಅವಳಷ್ಟೇ ತಗ್ಗಿಗೆ, ಕುಕ್ಕರಗಾಲಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ. ಚಪ್ಪಲಿ ರಾಶಿ, ಮೆಕ್ಯಾನಿಕ್ಕು, ಕೆಳಗಿನ ಕಣ್ಣು, ಮೇಲಿನ ಕಣ್ಣು. ಸೊಂಟದ ಎತ್ತರಕ್ಕೆ ಏರಿಸಿದ ಮೇಲೆ ಕೂತವರು ಆ ಬಾಗಿಲಿಗೆ ಕಾಣುವುದಿಲ್ಲ ಎಂದು. ಅವಳ ಜಾಗದಲ್ಲಿ ಯಾರು ಕೂತಿದ್ದರೂ, ಸುಮಂಗಲಿಯೇ ಕೂತಿದ್ದರೂ, ಸಾವ್ಕಾರ್ರ ಹೆಂಡತಿಯೇ ಕೂತಿದ್ದರೂ ಹಾಗೇ ಆಗುತ್ತಿತ್ತು ಎಂದು.

ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

“ಯಾವತ್ತು ತೆಗಿಸ್ದೆ ಕೆಳಗಿಂದನ್ನ?”

“ಗುರುವಾರ ಸಂಜೆ.”

“ನಂಗೆ ಹೇಳ್ನಿಲ್ಲ.”

“ಇಲ್ಲ.”

“ಆಸ್ಪತ್ರೇಲಿ ಕೇಳ್ದೆ ನಿನ್ನ.”

“ಕೇಳ್ದೆ.”

“ಗೊತ್ತಿಲ್ಲ ಅಂದೆ.”

ನಾನು ತಲೆ ಬಗ್ಗಿಸಿದೆ.

“ಕೈ ಮುರುದ್ದಕ್ಕೆ ನಂಗೇನೂ ಇಲ್ಲ ಕಣೋ. ಮಿಷನ್ನು, ಅದಕ್ಕೇನು ಗೊತ್ತು. ನೀನು ಮಿಷನ್ನಲ್ಲ. ಇಷ್ಟು ದಿನ ನನ್ ಮಗಳ ಮನೇಲಿ ಕಳ್ಳಿ ಓಡಾಡ್ದಂಗೆ ಹಿತ್ಲಾಗೆ ಓಡಾಡ್ದೆ.”

ಅವಳು ಎದ್ದಳು. ಎತ್ತಲು ಹೋದ ನನ್ನ ಕೈಯನ್ನು ಹಿಡಿಯಲಿಲ್ಲ. ಮನೆಯ ನಡುವಿನಿಂದ ಹಾಯ್ದು ಮುಂಬಾಗಿಲಿಗೆ ಹೋಗಿ, ಬಗ್ಗಿ, ಎಡಗೈಯಿಂದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಾಗೇ ದಾಟಿ ಜಗಲಿಗೆ ಹೋದಳು. ಮಗಳ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ಅಕ್ಕ ಹೊರಗಿನಿಂದಲೇ ಮಾತಾಡಿದಳು, ನನ್ನ ಕಡೆ ನೋಡದೆ.

“ಅಲ್ಲಿ ನೋಡ್ದೋರು ಯಾರ್ಯಾರವ್ರೆ, ಅವ್ರೆಲ್ಲರ ಮುಂದೆ ಹೇಳು. ಹೂವಿನೋಳ ಮುಂದೆ ಮೊದ್ಲು ಹೇಳು. ನಾನು ಹೊಸ್ಲಿಗೆ ಬ್ಯಾಡಾದೋಳಲ್ಲ ಅಂತ ಹೇಳು.” ಆಮೇಲೆ ಮಗಳಿಗೆ, “ಅವ್ನಿಗೆ ಮುದ್ದೆ ಇಕ್ಕಿ ಕಳ್ಸು” ಎಂದು ಬೀದಿಗೆ ಇಳಿದು ಹೋದಳು. ನಾನು ಉಂಡು ಎದ್ದರೂ ಬರಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಮೊದಲು ಹೂವಿನವಳಿಗೆ ಹೇಳಿದೆ. ಅವಳು ದಾರ ಕಚ್ಚಿ ಹರಿದು, “ಕಣ್ಣು ಕೆಳಗಿದ್ರೇನು, ಮ್ಯಾಲಿದ್ರೇನ್ರಿ? ಆ ದಿನಾನ ಯಾಕ ಆಗ್ಬೇಕಿತ್ತು, ಹೇಳ್ರಿ” ಎಂದಳು. ಆ ದಿನ ಯಾಕೆಂದರೆ ಹಿಂದಿನ ದಿನ ಹಬ್ಬದ ವ್ಯಾಪಾರ, ಅದಕ್ಕೆ ಚಪ್ಪಲಿ ರಾಶಿ, ಅದಕ್ಕೆ ನಾನು ಮೆಕ್ಯಾನಿಕ್ಕನ್ನು ಕರೆಸಿದ್ದು ಎಂದು ಇನ್ನೊಮ್ಮೆ ಹೇಳಿದೆ. “ಇರಬಹುದು ಬಿಡ್ರಿ” ಎಂದಳು.

ಸಾವ್ಕಾರ್ರು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅವತ್ತ ಹೇಳಿದ್ರ ನಾ ನಿನ್ನ ತಿಂತಿದ್ನೇನಪಾ? ನಾನೂ ಆಕಿ ಕಣ್ಣು ಮಂಜು ಅಂದ್ನಲ್ಲೋ. ನನ್ನ ಬಾಯಿಂದ ಅನಿಸಿದಿ.” ಆ ವಾರವೇ ಮೆಕ್ಯಾನಿಕ್ಕು ಬಂದು ಕೆಳಗಿನ ಕಣ್ಣನ್ನು ಮತ್ತೆ ಕೂರಿಸಿದ, ಸೊಂಟದ ಎತ್ತರದ್ದನ್ನೂ ಹಾಗೇ ಉಳಿಸಿದ. ಚಪ್ಪಲಿಗೆ ಕೆಳಗಿನ ಮೆಟ್ಟಿಲ ಪಕ್ಕ ಒಂದು ಕಪಾಟು ಮಾಡಿಸಿದರು. ಅಷ್ಟೇ ಬೇಕಾಗಿದ್ದದ್ದು, ಒಂದು ಕಪಾಟು. ಸಾವ್ಕಾರ್ರು ಅಕ್ಕನನ್ನು ಕರೆಯಲು ಎರಡು ಸಲ ಫೋನು ಮಾಡಿಸಿದರು. ಕೈ ಕೂಡಿದೆ, ಆದರೆ ತಿರುಗುವುದಿಲ್ಲ, ಬಟ್ಟೆ ಹಿಂಡಲು ಆಗುವುದಿಲ್ಲ ಎಂದು ಮಗಳು ಹೇಳಿದಳು. ನನಗೆ ಏನಾದರೂ ಹೇಳಿದ್ದಾಳಾ ಎಂದು ನಾನು ಕೇಳಲಿಲ್ಲ.

ಈಗ ಬೆಳಿಗ್ಗೆ ಆ ಕರಿಕಲ್ಲಿಗೆ ನಾನೇ ಅರಿಶಿನ ಹಚ್ಚುತ್ತೇನೆ. ಗಂಡಸು ಹೊಸ್ತಿಲು ಮಾಡುತ್ತಾನೆಂದು ಗಿರಾಕಿಗಳು ನಗುತ್ತಾರೆ, ನಗಲಿ. ರಂಗೋಲಿಯ ಎಳೆ ನನಗೆ ನೆಟ್ಟಗೆ ಬರುವುದಿಲ್ಲ. ಕುಕ್ಕರಗಾಲಲ್ಲಿ ಕೂತು, ಎಷ್ಟು ಹೊತ್ತಾದರೂ ಅಲ್ಲಾಡದೆ ಇದ್ದು ನೋಡುತ್ತೇನೆ. ಬಾಗಿಲು ಕಾಯುತ್ತದೆ. ಉಂಡೆಯಾ ಎಂದು ಅದು ಕೇಳುವುದಿಲ್ಲ.

ಹೊಸದಾಗಿ ಬಂದ ಕೆಲಸದವರ ಬಾಯಲ್ಲಿ ಈಗಲೂ ಹಳೆಯ ಕತೆಯೇ ಇದೆ. ಅಂಗಡಿಯಲ್ಲಿ ಹೇಳಿದ್ದು ಅಂಗಡಿಯಲ್ಲೇ ಉಳಿಯುವುದಿಲ್ಲ, ಬೇರೆಯಾಗಿ ಹೋಗುತ್ತದೆ. ಅದಕ್ಕೆ ಬರೆದಿಟ್ಟಿದ್ದೇನೆ. ಆ ಬೆಳಿಗ್ಗೆ ಕಂಡವರಲ್ಲಿ ಈಗ ಇರುವವರು ಇಷ್ಟು. ಗಲ್ಲಾದಲ್ಲಿ ಕೂತಿದ್ದ ಸಾವ್ಕಾರ್ರು ಇದ್ದಾರೆ. ಅವರು ಬಿದ್ದದ್ದನ್ನು ನೋಡಿದರು, ಗಾಜು ಮುಟ್ಟಿದ್ದನ್ನು ನೋಡಲಿಲ್ಲ. ಮೆಟ್ಟಿಲ ಪಕ್ಕದ ಹೂವಿನವಳು ಇದ್ದಾಳೆ. ಅವಳು ಎರಡನ್ನೂ ನೋಡಿದಳು. ಕೆಳಗಿನ ಮೆಟ್ಟಿಲಲ್ಲಿ ಕಾಯುತ್ತ ನಿಂತಿದ್ದ ಗುಮ್ಮಘಟ್ಟದ ಅಜ್ಜಿ ಎರಡನ್ನೂ ನೋಡಿದ್ದಳು, ಈ ಸಂಕ್ರಾಂತಿಯ ಮುಂಚೆ ತೀರಿಕೊಂಡಳು. ಬಳ್ಳಾರಿಯ ಮೆಕ್ಯಾನಿಕ್ಕು ಆ ದಿನ ಅಲ್ಲಿರಲಿಲ್ಲ, ಆದರೆ ಹಿಂದಿನ ಸಂಜೆ ನಾನು ಹೇಳಿದ್ದನ್ನು ಕೇಳಿದವನು, ಅವನೂ ಇದ್ದಾನೆ. ರೊಳ್ಳದಲ್ಲಿ, ಮಗಳ ಮನೆಯಲ್ಲಿ, ಮುಂಬಾಗಿಲಿಂದ ಓಡಾಡುತ್ತ ಅಕ್ಕ ಇದ್ದಾಳೆ. ಕೇಳುವವರು ಮೊದಲು ಅವಳನ್ನೇ ಕೇಳಲಿ.